ಬಲಗಡೆ ನಿಂತ ಸೋದರಮಾವ

ಸೇಡಂ ಕಡೆಯ ಒಂದು ಮದುವೆಯ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ ನೋಡುತ್ತಾ ಕೂತಿದ್ದೆ. ರಾತ್ರಿ ಹನ್ನೊಂದು ದಾಟಿತ್ತು. ಗ್ರೂಪ್ ಫೋಟೊಗಳು ಶುರುವಾದವು. ಮಧ್ಯದಲ್ಲಿ ಮದುಮಕ್ಕಳು. ಬಾಸಿಂಗದ ಒಂದೊಂದು ಮಣಿಯೂ ಎಣಿಸುವಷ್ಟು ಸ್ಪಷ್ಟ. ಎಡಗಡೆ ಹುಡುಗಿ ಕಡೆಯವರು, ಅವರೂ ಛಲೋ ಬಂದಿದ್ದರು. ಬಲಗಡೆ ತುದಿಯಲ್ಲಿ ಮದುಮಗನ ಸೋದರಮಾವ. ರುಮಾಲು ಸುತ್ತಿ, ಎದೆ ಉಬ್ಬಿಸಿ ನಿಂತಿದ್ದಾರೆ. ಮುಖ ಮಾತ್ರ ಬೆಣ್ಣೆ ಸವರಿದ ಹಾಗೆ ಕಲಸಿಹೋಗಿದೆ.

ಅವರು ಅಲ್ಲಾಡಿರಬೇಕು ಅಂದುಕೊಂಡೆ. ಮುಂದಿನ ಫೋಟೊ ನೋಡಿದೆ. ಅದರಲ್ಲೂ ಹಾಗೇ. ಅದರ ಮುಂದಿನದರಲ್ಲಿ ಮಾವ ಇಲ್ಲ, ಅವರ ಜಾಗದಲ್ಲಿ ಯಾರೋ ಅತ್ತೆ ನಿಂತಿದ್ದಾರೆ. ಅತ್ತೆಯ ಮುಖವೂ ಬೆಣ್ಣೆ. ಇಪ್ಪತ್ತೆರಡು ಫೋಟೊ ನೋಡಿದೆ. ಬಲಗಡೆ ಯಾರು ನಿಂತರೂ ಅದೇ ಗತಿ. ಆಗ ಬೆಳಿಗ್ಗೆ ಲೆನ್ಸ್ ಬಿದ್ದದ್ದು ನೆನಪಾಗಿ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.

ಆವತ್ತು ಬೆಳಿಗ್ಗೆ ನಡೆದದ್ದು ಇಷ್ಟು. ಮನೆ ಅಂಗಳದಲ್ಲಿ ಸುರಗಿ ನಡೆಯುತ್ತಿತ್ತು. ನಾಲ್ಕು ಕಡೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರು ಹಾಕುತ್ತಿದ್ದರು. ನಾನು ದೂರದಿಂದ 70-200 ಲೆನ್ಸಿನಲ್ಲಿ ಮುಖಗಳನ್ನು ತೆಗೆಯುತ್ತಿದ್ದೆ. ಒಮ್ಮೆಲೇ ಎಲ್ಲರೂ ನೀರು ಎರಚಾಡಲು ಶುರು ಮಾಡಿದರು. ಹತ್ತಿರ ಹೋಗಬೇಕು, ಅಗಲಕ್ಕೆ ಹಿಡಿಯುವ 24-70 ಬೇಕು. (ಈ ಅಂಕಿ ಕಡಿಮೆಯಾದಷ್ಟು ನೋಟ ಅಗಲ, ಹೆಚ್ಚಾದಷ್ಟು ದೂರದ್ದು ಹತ್ತಿರ.) ಒದ್ದೆ ಕೈಯಲ್ಲೇ ಲೆನ್ಸ್ ಬದಲಾಯಿಸಿದೆ. ಹಾಕಿ ತಿರುಗಿಸಿದರೆ ಕೊನೆಗೆ ಟಕ್ ಅಂತ ಒಂದು ಸದ್ದು ಬರುತ್ತದೆ, ಅಲ್ವಾ? ಆ ಸದ್ದು ಕೇಳದೆಯೇ ಓಡಿದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಜೂಮ್ ತಿರುಗಿಸಿದೆ. ಜೂಮ್ ಜೊತೆ ಲೆನ್ಸೂ ತಿರುಗಿ ಬಂತು. ಕ್ಯಾಮೆರಾ ಕೈಯಲ್ಲಿ, ಲೆನ್ಸ್ ಫರಸಿಯ ಮೇಲೆ.

ನಮ್ಮ ಕಡೆ ಫರಸಿ ಅಂದರೆ ಶಹಾಬಾದ್ ಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ಮಲಗಿದರೆ ಸುಖ. ಲೆನ್ಸ್ ಬೀಳಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಮಣ್ಣಿನ ನೆಲ ಸ್ವಲ್ಪ ಒಳಗೆ ಹೋಗುತ್ತದೆ. ಫರಸಿ ಎಳ್ಳಷ್ಟೂ ಬಗ್ಗುವುದಿಲ್ಲ. ಕೈ ಎತ್ತರ 1.2 ಮೀಟರ್ ಅಂತ ಹಿಡಿಯಿರಿ. ಅಲ್ಲಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿರುತ್ತದೆ. ಸೈಕಲ್ ವೇಗ. ಆ ವೇಗದಲ್ಲಿ ಬಂದ ಮುಕ್ಕಾಲು ಕೆಜಿ ಗಾಜು ಮತ್ತು ಲೋಹ ಒಂದೇ ಕ್ಷಣದಲ್ಲಿ ನಿಲ್ಲಬೇಕು.

ಮುಂಭಾಗದ ಅಂಚು ಮೊದಲು ತಗುಲಿತು. ಲೆನ್ಸಿನ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮರೆ, ಹುಡ್, ಇತ್ತು. ಆದರೆ ಉಲ್ಟಾ ಹಾಕಿದ್ದೆ. ಮದುವೆ ಫೋಟೊಗ್ರಾಫರುಗಳಲ್ಲಿ ಅರ್ಧಕ್ಕರ್ಧ ಜನ ಹೀಗೇ ಉಲ್ಟಾ ಹಾಕಿಕೊಂಡು ತಿರುಗುತ್ತೇವೆ. ಹುಡ್ ನೆಟ್ಟಗಿದ್ದರೆ ಏಟು ಆ ಪ್ಲಾಸ್ಟಿಕ್ಕಿಗೆ ಬೀಳುತ್ತಿತ್ತು. ಹೆಚ್ಚೆಂದರೆ ಅದು ಒಡೆಯುತ್ತಿತ್ತು.

"ಏನಾತ್ರೀ ಅಣ್ಣಾ? ಗಾಜ್ ಒಡೀತೇನ್ರೀ?" ಅಂತ ಹುಡುಗನ ತಮ್ಮ ಓಡಿ ಬಂದ. ಲೆನ್ಸಿನ ಮುಂದೆ ರಕ್ಷಣೆಗೆ ಹಾಕಿದ್ದ ಗಾಜು, ಯುವಿ ಫಿಲ್ಟರ್, ಚೂರು ಚೂರಾಗಿತ್ತು. "ಮ್ಯಾಲಿಂದು ಒಡದದ, ಒಳಗಿಂದು ಛಲೋ ಅದ, ಬಿಡ್ರಿ" ಅಂತ ಅವನೇ ತೀರ್ಪು ಕೊಟ್ಟ. ನನಗೂ ಹಾಗೇ ಅನ್ನಿಸಿತು. ತಪ್ಪಾದದ್ದು ಅಲ್ಲೇ.

ಮೊದಲ ಹತ್ತು ನಿಮಿಷದಲ್ಲಿ ನಾನು ಕೆಲವು ಕೆಲಸ ಸರಿಯಾಗಿಯೇ ಮಾಡಿದೆ. ಲೆನ್ಸ್ ಎತ್ತಿದ ಕೂಡಲೇ ಕ್ಯಾಮೆರಾಕ್ಕೆ ಹಾಕಲಿಲ್ಲ. ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ರಿಂಗು, ಬಗ್ಗಿದ್ದರೆ ಅದನ್ನು ಒತ್ತಿ ತಿರುಗಿಸಿದಾಗ ಕ್ಯಾಮೆರಾದ ಮೌಂಟೂ ಹಾಳಾಗಬಹುದು. ಒಂದು ನಷ್ಟ ಎರಡಾಗುತ್ತದೆ. ಜೂಮ್ ರಿಂಗನ್ನೂ ಬಲ ಹಾಕಿ ತಿರುಗಿಸಲಿಲ್ಲ. ಮುಖ್ಯವಾಗಿ, ಗಾಜನ್ನು ಒರೆಸಲಿಲ್ಲ. ಒಡೆದ ಫಿಲ್ಟರಿನ ಪುಡಿ ಮುಂದಿನ ಗಾಜಿನ ಮೇಲೆ ಕೂತಿರುತ್ತದೆ. ಅಂಗಿಯ ತುದಿಯಲ್ಲಿ ಒಂದು ಸಲ ಒರೆಸಿದರೆ ಸಾಕು, ಬೀಳುವುದರಿಂದ ಆಗದ ಗೀರು ಒರೆಸುವುದರಿಂದ ಆಗುತ್ತದೆ. ಲೆನ್ಸಿನ ಬಾಯಿ ಕೆಳಗೆ ಮಾಡಿ ಹಿಡಿದೆ. ದೊಡ್ಡ ಚೂರುಗಳನ್ನು ಚಿಮಟಿಗೆಯಲ್ಲಿ ಒಂದೊಂದಾಗಿ ತೆಗೆದೆ. ಆಮೇಲೆ ರಬ್ಬರ್ ಬ್ಲೋವರಿನಿಂದ ಕೆಳಗಿನಿಂದ ಮೇಲಕ್ಕೆ ಗಾಳಿ ಹೊಡೆದೆ. ಬಾಯಿಂದ ಊದಬಾರದು, ಉಗುಳು ಹಾರುತ್ತದೆ.

ಫಿಲ್ಟರಿನ ರಿಂಗು ಒಂದು ಕಡೆ ತಗ್ಗಾಗಿ ಬಿಗಿದುಕೊಂಡಿತ್ತು. ಕೈಯಲ್ಲಿ ತಿರುಗಲಿಲ್ಲ. ಒಬ್ಬರು ಪಕ್ಕಡ್ ತಂದುಕೊಟ್ಟರು. ಬೇಡ ಅಂದೆ. ಪಕ್ಕಡ್ ಹಾಕಿ ಒತ್ತಿದರೆ ರಿಂಗು ಇನ್ನಷ್ಟು ಸೊಟ್ಟಗಾಗುತ್ತದೆ, ಎಳೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಪಂಕ್ಚರ್ ಅಂಗಡಿಯಿಂದ ಹಳೆ ಟ್ಯೂಬಿನ ಒಂದು ಪಟ್ಟಿ ತರಿಸಿದೆ. ರಿಂಗಿನ ಸುತ್ತ ಅದನ್ನು ಬಿಗಿಯಾಗಿ ಸುತ್ತಿ, ಜಾಸ್ತಿ ಒತ್ತದೆ, ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ ತಿರುಗಿಸಿದೆ. ಐದಾರು ಸಲಕ್ಕೆ ಬಿಟ್ಟಿತು. ಮುಂದಿನ ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ.

ಇಲ್ಲಿಯವರೆಗೆ ಸರಿ. ಆಮೇಲೆ ಮಾಡಿದ್ದು ದಡ್ಡತನ. ಅಕ್ಕಿಕಾಳು ಮುಗಿಯುವವರೆಗೆ ಬೇರೆ ಲೆನ್ಸುಗಳಲ್ಲಿ ಕೆಲಸ ಸಾಗಿಸಿದೆ. ಸಂಜೆ ಗ್ರೂಪ್ ಫೋಟೊಕ್ಕೆ ಎಲ್ಲರೂ ನಿಂತಾಗ ಅಗಲದ ಲೆನ್ಸ್ ಬೇಕೇ ಬೇಕು. 24-70 ಹಾಕಿ ಒಂದು ಫೋಟೊ ತೆಗೆದೆ. ಹಿಂದಿನ ಪರದೆಯಲ್ಲಿ ಮದುಮಗಳ ಮುಖ ದೊಡ್ಡದು ಮಾಡಿ ನೋಡಿದೆ. ಕನ್ನಡಿ ಹಾಗಿತ್ತು. ಲೆನ್ಸ್ ಬದುಕಿತು ಅಂತ ನಂಬಿ ಉಳಿದ ಇಪ್ಪತ್ತೊಂದನ್ನೂ ತೆಗೆದೆ. ಬಿದ್ದ ಲೆನ್ಸಿನ ಮಧ್ಯಭಾಗ ಬಹಳ ಸಲ ಚೆನ್ನಾಗಿಯೇ ಇರುತ್ತದೆ. ನಾವು ಗಾಬರಿಯಲ್ಲಿ ನೋಡುವುದೂ ಅದನ್ನೇ. ಏಟಿನ ಲೆಕ್ಕ ಸಿಗುವುದು ಅಂಚಿನಲ್ಲಿ. ಅಲ್ಲಿ ನನಗೆ ಸೋದರಮಾವ ನಿಂತಿದ್ದರು.

ಮರುದಿನ ಕಲಬುರಗಿಯ ಮನೆಯಲ್ಲಿ ಸಮಾಧಾನವಾಗಿ ಕೂತು ಲೆನ್ಸನ್ನು ಮೊದಲಿನಿಂದ ನೋಡಿದೆ.

ಮೊದಲು ಕಿವಿ. ಲೆನ್ಸನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಏನೂ ಗಲಗಲ ಅನ್ನಲಿಲ್ಲ. ಇಲ್ಲಿ ಒಂದು ಮಾತು. ನನ್ನ 70-200 ಅನ್ನು ಹೀಗೆ ಅಲ್ಲಾಡಿಸಿದರೆ ಯಾವಾಗಲೂ ಒಳಗೆ ಏನೋ ಲಟಲಟ ಅನ್ನುತ್ತದೆ. ಅದು ಒಡೆದದ್ದಲ್ಲ. ಕೈ ನಡುಕ ತಡೆಯುವ ವ್ಯವಸ್ಥೆ ಇರುವ ಹಲವು ಲೆನ್ಸುಗಳಲ್ಲಿ ಒಂದು ಗಾಜಿನ ಗುಂಪು ಕರೆಂಟ್ ಇಲ್ಲದಾಗ ಸಡಿಲ ಇರುತ್ತದೆ. ನಮ್ಮ ಹುಡುಗ ಮೊದಲ ಸಲ ಆ ಸದ್ದು ಕೇಳಿ ಅಳುವುದೊಂದು ಬಾಕಿ. ಹೊಸ ಲೆನ್ಸ್ ತಂದ ದಿನವೇ ಅದರ ಸದ್ದು ಕೇಳಿ ಇಟ್ಟುಕೊಂಡರೆ ಬಿದ್ದ ದಿನ ಈ ಗೊಂದಲ ಇರುವುದಿಲ್ಲ.

ಆಮೇಲೆ ಬೆಳಕು. ಕೋಣೆ ಕತ್ತಲೆ ಮಾಡಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಿದೆ. ಬಿರುಕು ಹುಡುಕಬೇಕು. ಅಂಚಿನಲ್ಲಿ ಗಾಜಿನ ಚಕ್ಕೆ ಎದ್ದಿದೆಯಾ ನೋಡಬೇಕು. ಅಂಟಿಸಿದ ಎರಡು ಗಾಜು ಬಿಟ್ಟುಕೊಂಡರೆ ಕಾಮನಬಿಲ್ಲಿನ ಬಣ್ಣದ ಉಂಗುರ ಅಥವಾ ಕಲೆ ಕಾಣುತ್ತದೆ. ನನ್ನದರಲ್ಲಿ ಧೂಳು ಕಂಡಿತು. ಧೂಳು ನೋಡಿ ಹೆದರಬೇಡಿ. ತೊಗರಿ ರಾಶಿ ನಡೆಯುವ ಹೊತ್ತಿನಲ್ಲಿ ಹೊಲದಲ್ಲಿ ಫೋಟೊ ತೆಗೆದ ಲೆನ್ಸಿನಲ್ಲಿ ಧೂಳು ಇಲ್ಲದಿದ್ದರೆ ಆಶ್ಚರ್ಯ. ಟಾರ್ಚ್ ಹಿಡಿದರೆ ಎಂಥ ಒಳ್ಳೆಯ ಲೆನ್ಸೂ ಕಸದ ಬುಟ್ಟಿಯ ಹಾಗೆ ಕಾಣುತ್ತದೆ. ಫೋಟೊದಲ್ಲಿ ಅದು ಕಾಣುವುದಿಲ್ಲ. ಬೆಳಕಿಗೆ ಅಂತ ಲೆನ್ಸನ್ನು ಸೂರ್ಯನ ಕಡೆ ಹಿಡಿದು ಮಾತ್ರ ನೋಡಬೇಡಿ, ಕಣ್ಣು ಹೋಗುತ್ತದೆ.

ಮೌಂಟನ್ನು ಸಪಾಟಾದ ಗಾಜಿನ ಮೇಲೆ ಇಟ್ಟು ನೋಡಬೇಕು ಅಂತ ಕೆಲವರು ಹೇಳುತ್ತಾರೆ. ಆದರೆ ಬಹಳಷ್ಟು ಲೆನ್ಸುಗಳಲ್ಲಿ ಹಿಂದಿನ ಭಾಗ ಸ್ವಲ್ಪ ಹೊರಗೆ ಚಾಚಿರುತ್ತದೆ, ಸರಿಯಾಗಿ ಕೂರುವುದೇ ಇಲ್ಲ. ನಾನು ಕಣ್ಣಿನ ಮಟ್ಟಕ್ಕೆ ಹಿಡಿದು ಸುತ್ತ ತಿರುಗಿಸಿ ನೋಡಿದೆ. ಲೋಹದ ರಿಂಗು ಮತ್ತು ಲೆನ್ಸಿನ ಮೈ ನಡುವಿನ ಸಂದು ಎಲ್ಲ ಕಡೆ ಒಂದೇ ಸಮ ಇದೆಯಾ, ಸ್ಕ್ರೂಗಳು ಎದ್ದಿವೆಯಾ ಅಂತ. ಲೋಹದ ಮೌಂಟ್ ಗಟ್ಟಿ ಅಂತ ಎಲ್ಲರೂ ನಂಬುತ್ತೇವೆ. ಆದರೆ ಎಷ್ಟೋ ಲೆನ್ಸುಗಳಲ್ಲಿ ಅದರ ಸ್ಕ್ರೂಗಳು ಕೂತಿರುವುದು ಒಳಗಿನ ಪ್ಲಾಸ್ಟಿಕ್ಕಿನಲ್ಲಿ. ಬಿದ್ದಾಗ ಅಲ್ಲೇ ಕಿತ್ತುಕೊಂಡು ಬರುತ್ತದೆ. ನನ್ನದು ಸರಿಯಿತ್ತು. ಹಿಂದಿನ ಬಂಗಾರದ ಬಣ್ಣದ ಕಾಂಟ್ಯಾಕ್ಟುಗಳು ತಗ್ಗಾಗಿರಲಿಲ್ಲ, ಗೀರು ಬಿದ್ದಿರಲಿಲ್ಲ. ಒಣ ಬಟ್ಟೆಯಲ್ಲಿ ಒರೆಸಿದೆ.

ಜೂಮ್ ರಿಂಗಿನಲ್ಲಿ ಮೊದಲ ಸುಳಿವು ಸಿಕ್ಕಿತು. 70ರಿಂದ 35ರವರೆಗೆ ಎಣ್ಣೆ ಹಾಕಿದ ಹಾಗೆ ಬರುತ್ತಿತ್ತು. 35 ದಾಟಿ 24ರ ಕಡೆ ಹೋಗುವಾಗ ಒಂದು ಕಡೆ ಸಣ್ಣಗೆ ತಡೆಯುತ್ತಿತ್ತು. ಬಂಡಿ ಗಾಲಿ ಸಣ್ಣ ಕಲ್ಲು ಹತ್ತಿ ಇಳಿದ ಹಾಗೆ. ಮದುವೆ ಮನೆಯ ಗದ್ದಲದಲ್ಲಿ ಅದು ಕೈಗೆ ಗೊತ್ತೇ ಆಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ತಿರುಗಿಸಿದಾಗ ಗೊತ್ತಾಯಿತು. ಮುಂದಿನ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಜೂಮ್ ಲೆನ್ಸಿನಲ್ಲಿ ಸ್ವಲ್ಪ ಸಡಿಲ ಇರುವುದು ಸಹಜ. ಆದರೆ ಇದು ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದು ದಿಕ್ಕಿಗೆ ಕಡಿಮೆ ಅಲ್ಲಾಡುತ್ತಿತ್ತು.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ನೋಡಲು ಒಂದು ಸುಲಭದ ದಾರಿ ಇದೆ. ಎಫ್ ಅಂಕಿ ಹೆಚ್ಚಾದಷ್ಟು ಕಿಂಡಿ ಸಣ್ಣದು. ಕ್ಯಾಮೆರಾವನ್ನು ಮ್ಯಾನ್ಯುಯಲ್ ಮಾಡಿ, ಐಎಸ್‌ಒ ಬದಲಾಯಿಸದೆ, ಒಂದೇ ಗೋಡೆಯನ್ನು ಆರು ಸಲ ತೆಗೆಯಬೇಕು. ಎಫ್ 2.8ಕ್ಕೆ ಷಟರ್ 1/1000 ಸೆಕೆಂಡ್, ಎಫ್ 4ಕ್ಕೆ 1/500, 5.6ಕ್ಕೆ 1/250, ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಎಫ್ 16ಕ್ಕೆ 1/30. ಬೆಳಕು ಅಷ್ಟೇ ಇದ್ದರೆ ಆರೂ ಫೋಟೊ ಹೆಚ್ಚು ಕಡಿಮೆ ಒಂದೇ ಹಾಗೆ ಕಾಣಬೇಕು. ಕೊನೆಯವು ಬೆಳ್ಳಗಾಗುತ್ತಾ ಹೋದರೆ ಅಪರ್ಚರ್ ಎಲೆಗಳು ಪೂರ್ತಿ ಮುಚ್ಚುತ್ತಿಲ್ಲ ಅಂತ. ನನ್ನ ಆರೂ ಒಂದೇ ಹಾಗಿದ್ದವು. ಫೋಕಸ್ ಮೋಟಾರೂ ಹತ್ತಿರದ ಕುರ್ಚಿಯಿಂದ ಕಿಟಕಿಯಾಚೆಯ ಬೇವಿನ ಮರಕ್ಕೆ, ಮತ್ತೆ ಕುರ್ಚಿಗೆ ಸದ್ದಿಲ್ಲದೆ ಓಡಿತು.

ಹಾಗಾದರೆ ಬಲಗಡೆಗೆ ಏನಾಗಿದೆ? ಅದನ್ನು ಹಿಡಿಯಲು ಹೋಗಿ ಒಂದಿಡೀ ದಿನ ಹಾಳು ಮಾಡಿದೆ. ಅದನ್ನೂ ಹೇಳಿಬಿಡುತ್ತೇನೆ.

ಮೊದಲು ಮಾಳಿಗೆ ಹತ್ತಿ ದೂರದ ನೀರಿನ ಟಾಕಿಯ ಫೋಟೊ ತೆಗೆದೆ. ಮೇ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ. ಫೋಟೊದಲ್ಲಿ ಟಾಕಿ ಎಲ್ಲ ಕಡೆಯೂ ಮಸುಕು. ಲೆನ್ಸ್ ಪೂರ್ತಿ ಹೋಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಆಮೇಲೆ ಯಾಕೋ ಎಂದೂ ಬೀಳದ 70-200 ಹಾಕಿ ಅದೇ ಟಾಕಿಯನ್ನು ತೆಗೆದೆ. ಅದರಲ್ಲೂ ಮಸುಕು! ನಮ್ಮ ಊರಿನ ಬಿಸಿಲು ಮರೆತಿದ್ದೆ. ಕಾದ ಮಾಳಿಗೆಗಳ ಮೇಲಿಂದ ಏಳುವ ಗಾಳಿ ಕುದಿಯುತ್ತಿರುತ್ತದೆ, ದೂರದ್ದೆಲ್ಲ ನೀರಿನಲ್ಲಿ ಕಂಡ ಹಾಗೆ ನಡುಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ದೂರದ ವಸ್ತು ಇಟ್ಟುಕೊಂಡು ಲೆನ್ಸ್ ಪರೀಕ್ಷೆ ಮಾಡುವುದಾದರೆ ಸೂರ್ಯ ಹುಟ್ಟುವ ಹೊತ್ತಿಗೆ ಮುಗಿಸಬೇಕು. ಇಲ್ಲಾಂದ್ರೆ ಲೆನ್ಸಿನ ಬದಲು ಗಾಳಿಯನ್ನೇ ಪರೀಕ್ಷೆ ಮಾಡಿದಂತಾಗುತ್ತದೆ.

ಸಂಜೆ ಕೋಟೆಗೆ ಹೋದೆ. ಕಲ್ಲಿನ ಗೋಡೆ ದೊಡ್ಡದಿದೆ, ಸಂದು ಸಂದು ಕಾಣುತ್ತದೆ, ಇದಕ್ಕಿಂತ ಒಳ್ಳೆಯ ಗೋಡೆ ಎಲ್ಲಿ ಸಿಗುತ್ತದೆ ಅಂತ. ಬಹಮನಿ ಕಾಲದ ಗೋಡೆ ಸಪಾಟಾಗಿ ಎಲ್ಲಿಂದ ಬರಬೇಕು? ಒಂದು ಕಲ್ಲು ಮುಂದೆ, ಒಂದು ಹಿಂದೆ, ನಡುವೆ ಹೊಟ್ಟೆ. ನಾನು ಗೋಡೆಗೆ ನೇರ ನಿಂತಿದ್ದೇನಾ ಅಂತಲೂ ಗೊತ್ತಾಗಲಿಲ್ಲ. ಸುಮ್ನೆ ಚಹಾ ಕುಡಿದು ವಾಪಸ್ ಬಂದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಹಳೆ ಪೇಪರು. ಮನೆಯ ಹೊರಗಿನ ಗಿಲಾವು ಮಾಡಿದ ಗೋಡೆಗೆ ಎಂಟು ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿದೆ. ಚೌಕಟ್ಟಿನ ನಾಲ್ಕು ಮೂಲೆ, ಎಡ ಬಲದ ಅಂಚು, ನಡುವೆ ಎರಡು. ಸುಕ್ಕಿಲ್ಲದೆ, ಅಂಚಿಗೆಲ್ಲ ಟೇಪ್ ಹಾಕಿ. ಸಣ್ಣ ಅಕ್ಷರದ ಜಾಹೀರಾತು ಪುಟಗಳು ಇದಕ್ಕೆ ಬಹಳ ಒಳ್ಳೆಯವು. ನಮ್ಮ ಕನ್ನಡದ ಒತ್ತಕ್ಷರ, ದೀರ್ಘಗಳು ಲೆನ್ಸ್ ಪರೀಕ್ಷೆಗೇ ಮಾಡಿದ ಹಾಗಿವೆ. ಸ್ವಲ್ಪ ಮಸುಕಾದರೂ ಒತ್ತಕ್ಷರ ಮೊದಲು ಮಾಯವಾಗುತ್ತದೆ.

ಕ್ಯಾಮೆರಾ ಗೋಡೆಗೆ ಸರಿಯಾಗಿ ನೇರ ಇರಬೇಕು. ಇದರಲ್ಲಿ ಸ್ವಲ್ಪ ತಪ್ಪಾದರೂ ಒಂದು ಬದಿ ಹತ್ತಿರ, ಒಂದು ಬದಿ ದೂರ ಆಗಿ, ಒಳ್ಳೆಯ ಲೆನ್ಸೂ ಕೆಟ್ಟದ್ದಾಗಿ ಕಾಣುತ್ತದೆ. ನಾನು ಗಡ್ಡ ಹೆರೆಯುವ ಸಣ್ಣ ಕನ್ನಡಿಯನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿದೆ, ಲೆನ್ಸಿನ ಎತ್ತರಕ್ಕೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಪರದೆಯಲ್ಲಿ ನೋಡಿದೆ. ಕನ್ನಡಿಯಲ್ಲಿ ನನ್ನ ಲೆನ್ಸಿನದೇ ಬಿಂಬ ಚೌಕಟ್ಟಿನ ಸರಿ ಮಧ್ಯಕ್ಕೆ ಬರುವವರೆಗೆ ಕ್ಯಾಮೆರಾ ಹೊಂದಿಸಿದೆ. ಬಿಂಬ ನಡುವಿಗೆ ಬಂತು ಅಂದರೆ ಕ್ಯಾಮೆರಾ ಗೋಡೆಗೆ ನೇರ ಇದೆ ಅಂತ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮಂದಿ ನೋಡಿದ್ರ ಏನ್ ಅಂತಾರ? ಗ್ವಾಡಿ ಮ್ವಾರಿ ನೋಡ್ಕೋಳಾಕತ್ತದ ಅಂತಾರ" ಅಂದಳು.

ಫೋಕಸ್ ಕೈಯಲ್ಲಿ, ಮಧ್ಯದ ಅಕ್ಷರಗಳ ಮೇಲೆ, ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಎರಡು ಸೆಕೆಂಡಿನ ಟೈಮರ್. ಅಪರ್ಚರ್ ಪೂರ್ತಿ ತೆರೆದು, ಅಂದರೆ ಎಫ್ 2.8. ಎಫ್ 8ರಲ್ಲಿ ಪರೀಕ್ಷೆ ಮಾಡಿದರೆ ಲೆನ್ಸಿನ ಬಹಳಷ್ಟು ತಪ್ಪು ಮುಚ್ಚಿಹೋಗುತ್ತದೆ. 24, 35, 50, 70, ನಾಲ್ಕರಲ್ಲೂ ತೆಗೆದೆ. ಪ್ರತಿ ಸಲವೂ ಹಾಳೆಗಳು ಚೌಕಟ್ಟು ತುಂಬುವಂತೆ ಟ್ರೈಪಾಡ್ ಸರಿಸಿ, ಮತ್ತೆ ಕನ್ನಡಿ ನೋಡಿ, ಮತ್ತೆ ಫೋಕಸ್.

70ರಲ್ಲಿ ಎರಡೂ ಬದಿ ಹೆಚ್ಚು ಕಡಿಮೆ ಒಂದೇ. 50ರಲ್ಲಿ ಬಲಗಡೆ ಒಂದು ಚೂರು ಮೆತ್ತಗೆ. 24ರಲ್ಲಿ ಎಡ ಅಂಚಿನ ಜಾಹೀರಾತು ಓದಲು ಬರುತ್ತಿತ್ತು. ಬಲ ಅಂಚಿನಲ್ಲಿ ಅದೇ ಗಾತ್ರದ ಅಕ್ಷರಗಳು ಇರುವೆ ಸಾಲಿನಂತಾಗಿದ್ದವು. ಮೂಲೆಗಳು ಮಧ್ಯದಷ್ಟು ಚುರುಕಾಗಿ ಇರಲೇಬೇಕು ಅಂತಿಲ್ಲ. ಬಹಳಷ್ಟು ಲೆನ್ಸುಗಳ ಮೂಲೆ ಹಾಗಿರುವುದಿಲ್ಲ. ನಾಲ್ಕೂ ಮೂಲೆ ಒಂದೇ ಸಮ ಮೆತ್ತಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಬದಿ ಕೆಟ್ಟಿದ್ದರೆ ಸಂಶಯ ಪಡಬೇಕು.

ಆದರೂ ನನಗೆ ಕನ್ನಡಿಯ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಗೋಡೆಯೇ ಸೊಟ್ಟ ಇದ್ದರೆ? ಅದಕ್ಕೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ತೆಗೆದೆ. ಗೋಡೆ ಸೊಟ್ಟ ಇದ್ದರೆ ಗೋಡೆಯ ಮೇಲಿನ ಅದೇ ಹಾಳೆ ಮತ್ತೆ ಮಸುಕಾಗಬೇಕು. ದೋಷ ಲೆನ್ಸಿನದಾದರೆ ಮಸುಕು ಲೆನ್ಸಿನ ಜೊತೆಗೇ ತಿರುಗಿ ಈ ಕಡೆಯ ಹಾಳೆಗೆ ಬರಬೇಕು. ಬಂತು. ಮೊದಲು ಚೆನ್ನಾಗಿ ಓದಲು ಬಂದ ಎಡಗಡೆಯ ಹಾಳೆ ಈಗ ಇರುವೆ ಸಾಲು. ಗೋಡೆ ನಿರಪರಾಧಿ.

ಕ್ಯಾಮೆರಾ? ಲೆನ್ಸ್ ತಿರುಚಿಕೊಂಡು ಬಿದ್ದದ್ದರಿಂದ ಅದರ ಮೌಂಟೇ ಬಗ್ಗಿರಬಹುದು. 50 ಎಂಎಂ ಲೆನ್ಸ್ ಹಾಕಿ ಅದೇ ಗೋಡೆ, ಅದೇ ಕನ್ನಡಿ. ಎರಡೂ ಬದಿ ಸಮ. ಕ್ಯಾಮೆರಾವೂ ಪಾರಾಯಿತು. ಈ ಒಂದು ಫೋಟೊ ತೆಗೆಯದೆ ಲೆನ್ಸನ್ನು ರಿಪೇರಿಗೆ ಕೊಟ್ಟರೆ, ದುಡ್ಡು ಕೊಟ್ಟು ತಂದ ಮೇಲೂ ಮಾವ ಮಸುಕಾಗಿಯೇ ಉಳಿಯಬಹುದು.

ಇನ್ನೊಂದು ಮಾಡಿದೆ. ಇದರಿಂದ ರೋಗ ಯಾವುದು ಅನ್ನುವುದೂ ಸ್ವಲ್ಪ ತಿಳಿಯುತ್ತದೆ. 24ರಲ್ಲಿ ಫೋಕಸನ್ನು ಮಧ್ಯಕ್ಕೆ ಬಿಟ್ಟು ಬಲ ಅಂಚಿನ ಹಾಳೆಯ ಮೇಲೇ ಮಾಡಿದೆ. ಬಲಗಡೆಯ ಅಕ್ಷರಗಳು ಹೆಚ್ಚು ಕಡಿಮೆ ಸ್ಪಷ್ಟವಾದವು, ಎಡಗಡೆ ಕೆಟ್ಟಿತು. ಅಂದರೆ ಬಲಭಾಗಕ್ಕೆ ಚಿತ್ರ ಕೊಡುವ ಶಕ್ತಿ ಹೋಗಿಲ್ಲ. ಫೋಕಸ್ ಆಗುವ ಸಮತಲ ಬಾಗಿಲಿನ ಹಾಗೆ ಒಂದು ಕಡೆ ತೆರೆದುಕೊಂಡಿದೆ. ಒಳಗಿನ ಯಾವುದೋ ಗಾಜಿನ ಗುಂಪು ವಾಲಿದೆ. ಫೋಕಸ್ ಎಷ್ಟು ಬದಲಾಯಿಸಿದರೂ ಆ ಅಂಚು ಸ್ಪಷ್ಟ ಆಗದೇ ಇದ್ದಿದ್ದರೆ ಗಾಜು ವಾಲುವುದಕ್ಕಿಂತ ಪಕ್ಕಕ್ಕೆ ಸರಿದಿದೆ ಅಂತ ಸಂಶಯ ಪಡುತ್ತಿದ್ದೆ.

ರಾತ್ರಿ ಇನ್ನೊಂದು ಸಣ್ಣ ಪರೀಕ್ಷೆ. ಕಪ್ಪು ಹಾಳೆಗೆ ಸೂಜಿಯಿಂದ ಒಂದು ತೂತು ಮಾಡಿ ಹಿಂದೆ ಟಾರ್ಚ್ ಇಟ್ಟೆ. ಮಾಳಿಗೆಯ ಈ ತುದಿಯಿಂದ ಆ ತುದಿಗೆ ಕ್ಯಾಮೆರಾ. ಆ ಚುಕ್ಕೆಯನ್ನು ಚೌಕಟ್ಟಿನ ಸರಿ ಮಧ್ಯಕ್ಕೆ ತಂದು ಬೇಕೆಂತಲೇ ಫೋಕಸ್ ಕೆಡಿಸಿದೆ. ಸರಿಯಾದ ಲೆನ್ಸಿನಲ್ಲಿ ಚುಕ್ಕೆ ದುಂಡಗೆ, ಎಲ್ಲ ಕಡೆ ಒಂದೇ ಬೆಳಕಿನ ತಟ್ಟೆಯಾಗುತ್ತದೆ. 70ರಲ್ಲಿ ನನ್ನದು ದುಂಡಗಿನ ಚಪಾತಿ. 24ರಲ್ಲಿ ತಟ್ಟೆ ಸಣ್ಣದು, ಆದರೂ ಒಂದು ಬದಿಗೆ ಬೆಳಕು ಒತ್ತರಿಸಿ ನಿಂತದ್ದು ಕಾಣುತ್ತಿತ್ತು. ಪೇಪರ್ ಹೇಳಿದ್ದನ್ನೇ ಚುಕ್ಕೆಯೂ ಹೇಳಿತು.

ಬಿಚ್ಚಿ ನೋಡೋಣ ಅನ್ನುವ ಆಸೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಯೂಟ್ಯೂಬಿನಲ್ಲಿ ಎಲ್ಲರೂ ಬಿಚ್ಚುತ್ತಾರೆ. ಆದರೆ ಜಪಾನಿನ ಲೆನ್ಸುಗಳ ಸ್ಕ್ರೂ ತಲೆ ನಮ್ಮ ಅಂಗಡಿಯ ಮಾಮೂಲಿ ಸ್ಟಾರ್ ಡ್ರೈವರಿಗೆ ಸರಿಯಾಗಿ ಕೂರುವುದಿಲ್ಲ. ಸ್ವಲ್ಪ ಒತ್ತಿದರೆ ತಲೆ ಸವೆದು ಹೋಗುತ್ತದೆ. ಅದೂ ಹೋಗಲಿ, ಒಳಗೆ ಕೂದಲೆಳೆ ದಪ್ಪದ ವಾಷರುಗಳು ಇರುತ್ತವೆ. ಯಾವುದು ಎಲ್ಲಿತ್ತು ಅಂತ ತಪ್ಪಿದರೆ ಆಮೇಲೆ ಹೊಂದಿಸಲು ಯಂತ್ರವೇ ಬೇಕು.

ನಮಗೆ ಇಂಥ ಕೆಲಸಕ್ಕೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ವಾಡಿ, ತಾಂಡೂರು ದಾರಿಯ ರೈಲು ಹತ್ತಿದೆ. ಲೆನ್ಸಿನ ಜೊತೆ ಒಂದು ಪೆನ್ ಡ್ರೈವ್ ಒಯ್ದಿದ್ದೆ. ಅದರಲ್ಲಿ ಗೋಡೆಯ ಫೋಟೊಗಳು, ಪ್ರತಿಯೊಂದಕ್ಕೂ ಹೆಸರು: 24 ನೆಟ್ಟಗೆ, 24 ತಲೆಕೆಳಗು, 24 ಬಲ ಫೋಕಸ್, 50 ಎಂಎಂ ಬೇರೆ ಲೆನ್ಸ್. ಒಂದು ಚೀಟಿಯಲ್ಲಿ ಜೂಮ್ 35 ಮತ್ತು 24ರ ನಡುವೆ ತಡೆಯುತ್ತದೆ ಅಂತ ಬರೆದಿದ್ದೆ. ರಿಪೇರಿಯವರು ಲೆನ್ಸ್ ಕೈಗೆ ತೆಗೆದುಕೊಂಡ ಕೂಡಲೇ "ಗಿರಾ ಕ್ಯಾ?" ಅಂದರು. ಬಿದ್ದದ್ದನ್ನು ಮುಚ್ಚಿಡುವವರು ಜಾಸ್ತಿಯಂತೆ, ವಾರಂಟಿ ಸಿಗಲಿ ಅಂತ. ವಾರಂಟಿ ಬಿದ್ದದ್ದಕ್ಕೆ ಸಿಗುವುದಿಲ್ಲ. ಒಳಗೆ ನೋಡಿದವರಿಗೆ ಸುಳ್ಳು ಗೊತ್ತಾಗಿಯೇ ಆಗುತ್ತದೆ. ನಾನು ಸುರಗಿಯಿಂದ ಹಿಡಿದು ಎಲ್ಲ ಹೇಳಿದೆ. ಫೋಟೊಗಳನ್ನು ನೋಡಿ ಅವರು ಬಿಚ್ಚುವ ಮೊದಲೇ ಎಲ್ಲಿ ನೋಡಬೇಕು ಅಂತ ತೀರ್ಮಾನಿಸಿದರು.

ಹತ್ತು ದಿನದ ಮೇಲೆ ಹೋದಾಗ ಅವರು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಳೆ ತುಂಡು ತೋರಿಸಿದರು. ಜೋಳದ ಕಾಳಿನಷ್ಟು ದೊಡ್ಡ ನೈಲಾನ್ ಬಳೆ. ಜೂಮ್ ಮಾಡಿದಾಗ ಮುಂದಿನ ಕೊಳವೆ ಓರೆಯಾಗಿ ಕೊರೆದ ಸಂದುಗಳಲ್ಲಿ ಇಂಥ ಮೂರು ಬಳೆಗಳ ಮೇಲೆ ಜಾರುತ್ತದೆ. ಅದರಲ್ಲಿ ಒಂದು ಸೀಳಿತ್ತು. ಮೂರು ಕಾಲಿನ ಸ್ಟೂಲಿನ ಒಂದು ಕಾಲು ಗಿಡ್ಡ ಆದ ಹಾಗೆ ಕೊಳವೆ ವಾಲಿತ್ತು. ಹೊರಗಿನಿಂದ ಎಷ್ಟು ನೋಡಿದರೂ ಕಾಣುವ ಮಾತೇ ಇಲ್ಲ. ಬಿಲ್ಲು ಹೊಸ ಲೆನ್ಸಿನ ಬೆಲೆಯ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಆಯಿತು. ಆ ಬಳೆಗೆ ಅಲ್ಲ, ಕೂಡಿಸಿ ಮತ್ತೆ ಹೊಂದಿಸಿದ್ದಕ್ಕೆ. ನ್ಯಾಯವೇ.

ಮುಂದಿನ ವಾರ ಬೀದರಿನಲ್ಲಿ ಕೆಲಸ ಇತ್ತು. ಬೆಳಿಗ್ಗೆ ಬೇಗ ಹೋಗಿ ಮಹಮೂದ್ ಗವಾನ್ ಮದರಸಾದ ಎದುರು ನಿಂತೆ. 1472ರ ಕಟ್ಟಡ. 17ನೇ ಶತಮಾನದ ಕೊನೆಯಲ್ಲಿ ಒಳಗಿದ್ದ ಮದ್ದು ಸಿಡಿದು ಒಂದು ಭಾಗವೇ ಬಿದ್ದುಹೋಯಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚಿನ ಬಿಲ್ಲೆಗಳು ಅಲ್ಲಲ್ಲಿ ಇವೆ. 24ರಲ್ಲಿ, ಎಫ್ 2.8ರಲ್ಲಿ, ಮಿನಾರನ್ನು ಬಲ ಅಂಚಿಗೆ ತಂದು ತೆಗೆದೆ. ಆಮೇಲೆ ಎಡ ಅಂಚಿಗೆ ತಂದು. ಫೋಕಸ್ ಎರಡು ಸಲವೂ ಕಟ್ಟಡದ ಮಧ್ಯಕ್ಕೇ. ಎರಡರಲ್ಲೂ ಬಿಲ್ಲೆಗಳ ಸಂದು ಒಂದೇ ಹಾಗೆ ಕಂಡಿತು. ಇದು ಪರೀಕ್ಷೆ ಅಲ್ಲ, ಗೊತ್ತು. ಪೇಪರ್ ಗೋಡೆಯ ಪರೀಕ್ಷೆಯನ್ನು ಮನೆಯಲ್ಲೇ ಮುಗಿಸಿದ್ದೆ. ಆದರೂ ನಿಜವಾದ ಏನನ್ನಾದರೂ ನೋಡಬೇಕು ಅನ್ನಿಸಿತ್ತು.

ಆ ಮನೆಯ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಉಳಿದಿದೆ. ರಿಪೇರಿ ಆದ ಮೇಲೂ 70ರಲ್ಲಿ ಮೇಲಿನ ಎಡ ಮೂಲೆ ಉಳಿದ ಮೂರಕ್ಕಿಂತ ಒಂದು ಕೂದಲಷ್ಟು ಮೆತ್ತಗಿದೆ. ಇದು ಬಿದ್ದದ್ದರಿಂದ ಆಯಿತಾ, ರಿಪೇರಿಯಲ್ಲಿ ಆಯಿತಾ, ಅಥವಾ ಡಬ್ಬಿಯಿಂದ ಬಂದಾಗಲೇ ಹೀಗಿತ್ತಾ? ಹೇಳಲು ಬರುವುದಿಲ್ಲ. ಬೀಳುವ ಮೊದಲು ಒಂದು ಸಲವೂ ನಾನು ಈ ಲೆನ್ಸನ್ನು ಹೀಗೆ ನೋಡಿರಲಿಲ್ಲ. ಹೋಲಿಸಲು ಒಂದು ಫೋಟೊ ಇಲ್ಲ. ಅದಕ್ಕೆ ಈಗ ನನ್ನ ಎಲ್ಲ ಲೆನ್ಸುಗಳನ್ನೂ ಆ ಗೋಡೆಯ ಮುಂದೆ ನಿಲ್ಲಿಸಿ, ತಾರೀಖು ಹಾಕಿ, ಒಂದು ಫೋಲ್ಡರಿನಲ್ಲಿ ಇಟ್ಟಿದ್ದೇನೆ.

ಮಾವನ ವಿಷಯ ಹೇಳದಿದ್ದರೆ ಆಗದು. ಆಲ್ಬಮ್ಮಿಗೆ ಮುಂಚೆ ಅವರ ಮನೆಗೆ ಹೋಗಿ ನಡೆದದ್ದು ಹೇಳಿದೆ. "ನಂದೇ ಮಾರಿ ಹಂಗ ಅದ ಅನ್ಕೊಂಡಿದ್ನೆಪ್ಪ" ಅಂದು ನಕ್ಕರು. ಅಂಗಳದಲ್ಲೇ ರುಮಾಲು ಸುತ್ತಿ ಮತ್ತೆ ನಿಂತರು. 50 ಎಂಎಂ ಲೆನ್ಸಿನಲ್ಲಿ, ಚೌಕಟ್ಟಿನ ನಡುವೆ.

ಹೋದ ಭಾನುವಾರ ಗೆಳೆಯನೊಬ್ಬ ತನ್ನ ಮೂರು ಲೆನ್ಸು ತಂದಿದ್ದ. ಪೇಪರ್ ಬದಲಾಯಿಸಿ, ಕನ್ನಡಿ ಅಂಟಿಸಿ, ಮೂರನ್ನೂ ನೋಡಿದೆವು. ಎರಡು ಸರಿಯಿದ್ದವು. ಮೂರನೆಯದರ ಎಡಗಡೆ ಪೂರ್ತಿ ಇರುವೆ ಸಾಲು. ತಲೆಕೆಳಗು ಮಾಡಿದಾಗ ಮಸುಕು ಬಲಗಡೆಯ ಹಾಳೆಗೆ ಹೋಯಿತು, ಅಂದರೆ ದೋಷ ಲೆನ್ಸಿನದೇ. ಅದು ಒಮ್ಮೆಯೂ ಕೈಯಿಂದ ಜಾರಿಲ್ಲ ಅಂತ ಅವನು ಆಣೆ ಮಾಡಿ ಹೇಳುತ್ತಾನೆ. ಅದನ್ನು ಅವನ ಮಗನೂ ಬಳಸುತ್ತಾನೆ. ಅವನನ್ನು ಇನ್ನೂ ಕೇಳಿಲ್ಲ.